ಎಡಗಡೆ ಸೀಟಿನಲ್ಲಿ ಕಲಿತ ಲಾರಿ ವಿದ್ಯೆ

ಲಾರಿ ಓಡಿಸೋಕೆ ಲೈಸೆನ್ಸ್ ಬೇಕು, ಅದು ಎಲ್ಲರಿಗೂ ಗೊತ್ತು. ನಮ್ಮ ಕಾಲದಲ್ಲಿ ಅದಕ್ಕೂ ಮುಂಚೆ ಎಡಗಡೆ ಸೀಟು ಬೇಕಿತ್ತು. ಆ ಸೀಟಿನಲ್ಲಿ ಕ್ಲೀನರ್ ಆಗಿ ವರ್ಷಗಟ್ಟಲೆ ಕೂತವನ ಕೈಗೇ ಮಾಲೀಕರು ಸ್ಟೇರಿಂಗ್ ಕೊಡುತ್ತಿದ್ದರು. ನಾನು 70ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ–ಮುಂಬಯಿ ಲೈನಿಗೆ ಕ್ಲೀನರ್ ಆಗಿ ಸೇರಿದೆ. ಆಮೇಲೆ ಅದೇ ಲೈನಿನಲ್ಲಿ ಡ್ರೈವರ್ ಆದೆ. ಈಗ ನವಿ ಮುಂಬಯಿಯ ಕಳಂಬೋಲಿಯಲ್ಲಿ ಒಂದು ಟ್ರಾನ್ಸ್‌ಪೋರ್ಟ್ ಯಾರ್ಡ್ ನೋಡಿಕೊಳ್ಳುತ್ತೇನೆ. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಗಾಡಿ ತಗೊಂಡು ಇಲ್ಲಿಗೆ ಬರುತ್ತಾರೆ. ಕನ್ನಡದ ಮಾತು ಕೇಳಿದ ಕೂಡಲೇ ಹತ್ತಿರ ಬಂದು ಕೂರುತ್ತಾರೆ. "ಕಾಕಾ, ಆವಾಗ ಘಾಟಿನ್ಯಾಗ ಗಾಡಿ ಹೆಂಗ ಇಳಸ್ತಿದ್ರಿ?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗಾಡಿ ಟಾಟಾ 1210. ಮುಂದೆ ಗಿಡ್ಡ ಮೂತಿ, ಹಿಂದೆ ಮರದ ಬಾಡಿ. ಹೆಸರಿನಲ್ಲೇ ಅದರ ಲೆಕ್ಕವಿತ್ತು. ಒಟ್ಟು ತೂಕ ಸುಮಾರು 12 ಟನ್, ಎಂಜಿನ್ನು ಸುಮಾರು 100 ಕುದುರೆಶಕ್ತಿಯದು. ಪವರ್ ಸ್ಟೇರಿಂಗ್ ಇರಲಿಲ್ಲ. ಲೋಡ್ ಗಾಡಿಯನ್ನು ಇಕ್ಕಟ್ಟಿನಲ್ಲಿ ತಿರುಗಿಸುವಾಗ ಡ್ರೈವರ್ ಸೀಟಿನಿಂದ ಅರ್ಧ ಎದ್ದು ಭುಜದ ಬಲ ಹಾಕುತ್ತಿದ್ದರು. ಎಂಜಿನ್ನಿನ ಒಂದು ಭಾಗ ಕ್ಯಾಬಿನ್ ಒಳಗೇ ಚಾಚಿಕೊಂಡಿರುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಕಾಲು ಬೆಂದುಹೋಗುತ್ತಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ. ಆ ಸುದ್ದಿ ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಡ್ರೈವರ್‌ಗೆ ಇದು ಎಷ್ಟೋ ವರ್ಷದ ಹಿಂದೆಯೇ ಸಿಗಬೇಕಿತ್ತು.

ಗಾಡಿಯ ಉಸ್ತಾದರು, ಅಂದರೆ ನನಗೆ ಕೆಲಸ ಕಲಿಸಿದ ಹಿರಿಯ ಡ್ರೈವರ್, ನಮ್ಮ ಊರ ಕಡೆಯವರೇ. ನಾನು ಅವರಿಗೆ ಮಾಮಾ ಅನ್ನುತ್ತಿದ್ದೆ.

ಕ್ಲೀನರ್ ಕೆಲಸ ಗಾಡಿ ಒರೆಸುವುದಷ್ಟೇ ಅಂತ ಹೊರಗಿನವರು ತಿಳಿದಿರುತ್ತಾರೆ. ಒರೆಸುವುದು ಬೆಳಿಗ್ಗೆ ಅರ್ಧ ತಾಸಿನ ಕೆಲಸ. ಉಳಿದ ಹೊತ್ತೆಲ್ಲ ಅವನು ರಸ್ತೆಯ ಎಡ ಅಂಚನ್ನು ನೋಡುತ್ತಿರಬೇಕು. ಆಗಿನ ಹೆದ್ದಾರಿ ಎರಡು ಗಾಡಿ ಎದುರುಬದುರಾದರೆ ಇಬ್ಬರೂ ಅರ್ಧ ಮಣ್ಣಿಗೆ ಇಳಿಯಬೇಕಾದಷ್ಟು ಸಣ್ಣದಿತ್ತು. ಮಳೆಯಾದ ಮೇಲೆ ಆ ಮಣ್ಣು ಭಾರ ತಡೆಯುತ್ತದೋ ಇಲ್ಲವೋ, ಮುಂದೆ ಚಕ್ಕಡಿ ಹೊರಟಿದೆಯೋ, ಹಿಂದಿನ ಗಾಡಿ ದಾರಿ ಕೇಳುತ್ತಿದೆಯೋ, ಎಲ್ಲವನ್ನೂ ಕ್ಲೀನರ್ ಹೇಳಬೇಕು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಗಾಡಿಯ ಬಾಡಿ ಮೇಲೆ ಒಂದು ಏಟು ಹೊಡೆದರೆ ನಿಲ್ಲಿಸಿ, ಎರಡು ಹೊಡೆದರೆ ಹೋಗಲಿ.

ಮಾಮಾ ನನಗೆ ಮೊದಲು ಕಲಿಸಿದ್ದು ಟೈರಿನ ಸದ್ದು. ಗಾಡಿ ಎಲ್ಲಿ ನಿಂತರೂ ಚಹಾಕ್ಕೆ ಹೋಗುವ ಮುಂಚೆ ಟಾಮಿ, ಅಂದರೆ ಕಬ್ಬಿಣದ ಸಲಾಕೆ, ಹಿಡಿದು ಆರೂ ಟೈರಿಗೆ ಒಂದೊಂದು ಏಟು ಹಾಕಬೇಕು. ಗಾಳಿ ಸರಿಯಿದ್ದರೆ ಟಾಮಿ ಪುಟಿದು ಕೈಗೆ ವಾಪಸ್ ಬರುತ್ತದೆ, ಸದ್ದು ಗಟ್ಟಿಯಾಗಿರುತ್ತದೆ. ಗಾಳಿ ಕಮ್ಮಿಯಿದ್ದರೆ ದಪ್ ಅಂತ ಅಲ್ಲೇ ಕೂರುತ್ತದೆ. ಹಿಂದಿನವು ಜೋಡಿ ಟೈರು. ಒಳಗಿನದರ ಗಾಳಿ ಹೋದರೂ ಹೊರಗಿನದು ಭಾರ ಹೊತ್ತು ನೆಟ್ಟಗೆ ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹಾಗೇ ಓಡಿಸಿದರೆ ಇಬ್ಬರ ಭಾರ ಒಬ್ಬನೇ ಹೊತ್ತು ಕಾದು ಕಾದು ಅದೂ ಒಡೆಯುತ್ತದೆ. ಅದಕ್ಕೇ ಏಟು ಹಾಕಿದ ಮೇಲೆ ಅಂಗೈ ಇಟ್ಟು ಕಾವು ನೋಡಬೇಕು. ಐದು ಟೈರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಏನೋ ಇದೆ ಅಂತ ಅರ್ಥ. ಒಮ್ಮೊಮ್ಮೆ ಬ್ರೇಕ್ ಲೈನರ್ ಹಿಡಿದುಕೊಂಡಿದ್ದೂ ಹೀಗೇ ಸಿಕ್ಕಿಬೀಳುತ್ತಿತ್ತು.

ಪಂಕ್ಚರ್ ಆದರೆ ರಸ್ತೆ ಬದಿಯಲ್ಲೇ ಬಿಚ್ಚಬೇಕು. 9.00-20 ಸೈಜಿನ ಟೈರು, ಒಳಗೆ ಟ್ಯೂಬು, ಅದರ ಕೆಳಗೆ ಫ್ಲ್ಯಾಪು, ಇದನ್ನೆಲ್ಲ ರಿಮ್ಮಿಗೆ ಹಿಡಿದಿಡಲು ಒಂದು ಉಕ್ಕಿನ ರಿಂಗು. ಗಾಳಿ ತುಂಬುವಾಗ ಈ ರಿಂಗು ರಿಮ್ಮಿನಲ್ಲಿ ಸರಿಯಾಗಿ ಕೂರದಿದ್ದರೆ ಸಿಡಿದು ಹಾರುತ್ತದೆ. ಎದುರಿಗೆ ನಿಂತವನ ತಲೆ ಉಳಿಯುವುದಿಲ್ಲ. ಹಾಗಾಗಿ ರಿಂಗಿನ ಬದಿಯನ್ನು ನೆಲಕ್ಕೆ ಮಾಡಿ ಮಲಗಿಸಿ, ಇಲ್ಲವೇ ಸರಪಳಿ ಸುತ್ತಿ ಗಾಳಿ ಹಿಡಿಯುತ್ತಿದ್ದೆವು. ಇದನ್ನು ಯಾವ ಪರೀಕ್ಷೆಯಲ್ಲೂ ಯಾರೂ ಕೇಳಲಿಲ್ಲ. ಗೊತ್ತಿಲ್ಲದೆ ಸತ್ತವರು ಇದ್ದಾರೆ.

ಲೋಡು ಹೆಚ್ಚಾಗಿ ಹತ್ತಿ. ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಕಡೆಯ ಹತ್ತಿಯನ್ನು ಪ್ರೆಸ್ ಮಾಡಿದ ಬೇಲುಗಳು, ಒಂದೊಂದು 170 ಕೆ.ಜಿ. ತೂಕ. ಮುಂಬಯಿಯ ಕಾಟನ್ ಗ್ರೀನ್‌ನ ಗೋದಾಮುಗಳಿಗೆ ಹೋಗಿ ಇಳಿಸಬೇಕು. ಹಮಾಲರು ಬೇಲು ಏರಿಸುವಾಗ ಕ್ಲೀನರ್ ಮೇಲೆ ನಿಂತು ನೋಡಬೇಕು. ಮೇಲಿನ ಸಾಲಿನ ಬೇಲು ಕೆಳಗಿನ ಎರಡು ಬೇಲುಗಳ ಸಂದಿನ ಮೇಲೆ ಬರಬೇಕು, ಸಂದಿನ ಮೇಲೆ ಸಂದು ಬಂದರೆ ಇಡೀ ಲೋಡು ತಿರುವಿನಲ್ಲಿ ಜಾರುತ್ತದೆ. ಹಗ್ಗ ಎಳೆದು ಕಟ್ಟಿ, ತಾಡಪತ್ರಿ ಹೊದಿಸಿ ಹೊರಟರೂ ಕೆಲಸ ಮುಗಿಯಲಿಲ್ಲ. ಧಾರವಾಡ ದಾಟಿದ ಮೇಲೆ ಒಮ್ಮೆ ನಿಲ್ಲಿಸಲೇಬೇಕು. ಅಷ್ಟು ಕುಲುಕಾಟಕ್ಕೆ ಲೋಡು ತಳ ಕಂಡುಕೊಂಡು ಒಂದು ಗೇಣು ಕುಸಿದಿರುತ್ತದೆ, ಹಗ್ಗ ಸಡಿಲಾಗಿರುತ್ತದೆ. ಮತ್ತೆ ಎಳೆದು ಕಟ್ಟಬೇಕು. ಎರಡನೇ ಸಲ ಕಟ್ಟಿದ ಹಗ್ಗವೇ ಮುಂಬಯಿ ಮುಟ್ಟಿಸುವುದು.

ಹತ್ತಿಗೆ ಇನ್ನೊಂದು ಭಯ ಬೆಂಕಿ. ಬೀಡಿಯ ಒಂದು ಕಿಡಿ ಸಾಕು. ಬೇಲಿನೊಳಗೆ ಹೋದ ಬೆಂಕಿ ಉರಿ ತೋರಿಸದೆ ಒಳಗೊಳಗೇ ತಾಸುಗಟ್ಟಲೆ ಹೊಗೆಯಾಡುತ್ತದೆ. ಹೊರಗೆ ಕಾಣುವಷ್ಟೊತ್ತಿಗೆ ಗಾಡಿಯೇ ಕೈಬಿಟ್ಟ ಹಾಗೆ. ಹಾಗಾಗಿ ರಾತ್ರಿ ನಿಂತಾಗಲೆಲ್ಲ ನಾನು ತಾಡಪತ್ರಿಯ ಅಂಚು ಎತ್ತಿ ಮೂಸಿ ನೋಡುತ್ತಿದ್ದೆ. ಮಾಮಾ ಬೀಡಿ ಸೇದುತ್ತಿದ್ದರು. ಆದರೆ ಹತ್ತಿ ಲೋಡಿದ್ದಾಗ ಗಾಡಿಯಿಂದ ಇಳಿದು ದೂರ ಹೋಗಿ, ಕೊನೆಗೆ ಚಪ್ಪಲಿಯಲ್ಲಿ ಹೊಸಕಿ ಬರುತ್ತಿದ್ದರು. ಅವರು ಇದನ್ನು ಒಮ್ಮೆಯೂ ತಪ್ಪಿಸಿದ್ದು ನಾನು ನೋಡಲಿಲ್ಲ.

ಹುಬ್ಬಳ್ಳಿಯಿಂದ ಮುಂಬಯಿಗೆ ಸುಮಾರು 570 ಕಿಲೋಮೀಟರು. ಆಗ ಅದು ಎನ್‌ಎಚ್ 4, ಈಗ 48. ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ, ಕಾಗಲ್, ಕೊಲ್ಹಾಪುರ, ಕರಾಡ, ಸಾತಾರಾ, ಪುಣೆ, ಲೋಣಾವಳಾ, ಪನ್ವೇಲ್. ನಮಗೆ ಊರಿನ ಹೆಸರಿಗಿಂತ ಘಾಟಿನ ಹೆಸರೇ ಬಾಯಿಗೆ ಬರುತ್ತಿತ್ತು. ನಿಪ್ಪಾಣಿಗೆ ಮುಂಚೆ ತವಂದಿ, ಸಾತಾರಾ ದಾಟಿದ ಮೇಲೆ ಖಂಬಾಟ್ಕಿ, ಪುಣೆಯ ಬಾಗಿಲಲ್ಲಿ ಕಾತ್ರಜ್, ಕೊನೆಗೆ ಖಂಡಾಳಾದ ಬೋರ್ ಘಾಟ್. ಈಗ ಖಂಬಾಟ್ಕಿಯಲ್ಲಿ ಸಾತಾರಾ ಕಡೆಯಿಂದ ಬರುವ ಗಾಡಿಗಳು ಸುರಂಗದಲ್ಲಿ ನುಗ್ಗಿ ಬರುತ್ತವೆ. ಆಗ ಹೋಗುವವರೂ ಬರುವವರೂ ಅದೇ ಘಾಟು ಹತ್ತಬೇಕಿತ್ತು. ರೇಡಿಯೇಟರ್ ಕುದಿಯುತ್ತಿತ್ತು. ಕ್ಲೀನರ್ ನೀರಿನ ಡಬ್ಬಿ ತುಂಬಿಟ್ಟುಕೊಂಡೇ ಘಾಟಿನ ಬುಡಕ್ಕೆ ಬರಬೇಕು.

ಊಟದ ಮಾತು ಬೇಗ ಮುಗಿಸುತ್ತೇನೆ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬರುತ್ತಿದ್ದೆವು. ಎಷ್ಟು ದಿನವಾದರೂ ಕೆಡುತ್ತಿರಲಿಲ್ಲ. ಸೀಮೆಎಣ್ಣೆ ಸ್ಟೋವಿನ ಮೇಲೆ ಅನ್ನ ಇಟ್ಟರೆ ಆಯಿತು. ದಾರಿಯ ಧಾಬಾದಲ್ಲಿ ತಿನ್ನುತ್ತಿದ್ದದ್ದು ಕಮ್ಮಿ.

ಈಗ ಘಾಟು ಇಳಿಸುವ ವಿಷಯ. ಹುಡುಗರು ಕೇಳುವುದು ಇದನ್ನೇ.

ಲೋಣಾವಳಾ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಅಲ್ಲಿಂದ ಖೋಪೋಲಿಗೆ ಬರುವಷ್ಟರಲ್ಲಿ ಸುಮಾರು 550 ಮೀಟರು ಕೆಳಗಿಳಿದಿರುತ್ತೀರಿ. ಹಳೇ ರಸ್ತೆಯಲ್ಲಿ ತಿರುವಿನ ಮೇಲೆ ತಿರುವು. ಮುಂಬಯಿಗೆ ಹೋಗುವಾಗ ಇದನ್ನು ತುಂಬಿದ ಗಾಡಿಯಲ್ಲಿ ಇಳಿಯಬೇಕು. ಬ್ರೇಕ್ ಒತ್ತುತ್ತಲೇ ಇಳಿದರೆ ಡ್ರಮ್ಮು ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಗಾಡಿಯನ್ನು ಹಿಡಿಯಬೇಕಾದ್ದು ಎಂಜಿನ್ನು. ಘಾಟಿನ ನೆತ್ತಿಯಲ್ಲೇ ಸಣ್ಣ ಗೇರು ಹಾಕಬೇಕು. ಯಾವ ಗೇರಿನಲ್ಲಿ ಈ ಘಾಟು ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ ಆಗಿನ ಡ್ರೈವರುಗಳೆಲ್ಲ ಹೇಳುತ್ತಿದ್ದರು.

ನೆತ್ತಿಯಲ್ಲೇ ಯಾಕೆ? ಆಗಿನ ನಮ್ಮ ಗೇರ್‌ಬಾಕ್ಸ್‌ನಲ್ಲಿ ಸಿಂಕ್ರೊಮೆಶ್, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ, ಇರಲಿಲ್ಲ. ಕ್ಲಚ್ ಒತ್ತಿ ಸುಮ್ನೆ ಗೇರು ತಳ್ಳಿದರೆ ಹಲ್ಲುಗಳು ಕರ್ರ್ ಅಂತ ಕಚ್ಚಾಡುತ್ತಿದ್ದವು, ಗೇರು ಬೀಳುತ್ತಿರಲಿಲ್ಲ. ಕೆಳಗಿನ ಗೇರಿಗೆ ಬರಲು ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಬೇಕು, ಕ್ಲಚ್ ಬಿಡಬೇಕು, ಎಕ್ಸಲೇಟರ್ ಒಂದು ಸಲ ಕೊಟ್ಟು ಎಂಜಿನ್ ಏರಿಸಬೇಕು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಡಬಲ್ ಕ್ಲಚ್ ಅಂದರೆ ಇದು. ಎಲ್ಲ ಒಂದೇ ಉಸಿರಿನಲ್ಲಿ ಆಗಬೇಕು. ಇಳಿಜಾರಿನ ನಡುವೆ ಇದನ್ನು ಮಾಡಲು ಹೋಗಿ ಗಾಡಿ ನ್ಯೂಟ್ರಲ್‌ನಲ್ಲಿ ಉಳಿದರೆ ಓಟ ಹೆಚ್ಚುತ್ತಲೇ ಹೋಗುತ್ತದೆ, ಆಮೇಲೆ ಯಾವ ಗೇರೂ ಬೀಳುವುದಿಲ್ಲ. ಡೀಸೆಲ್ ಉಳಿಸಲು ಬೇಕಂತಲೇ ನ್ಯೂಟ್ರಲ್‌ನಲ್ಲಿ ಇಳಿಯುವವರೂ ಇದ್ದರು. ಅಂಥವರ ಗಾಡಿಗಳನ್ನು ನಾನು ಕಣಿವೆಯಲ್ಲಿ ನೋಡಿದ್ದೇನೆ.

ಡಬಲ್ ಕ್ಲಚ್ ಕಾಲಿಗೆ ಬರುವ ಮುಂಚೆ ಕಿವಿಗೆ ಬರಬೇಕು. ಮಾಮಾ ನನಗೆ ಎಡಗಡೆ ಸೀಟಿನಲ್ಲಿ ಕಣ್ಣು ಮುಚ್ಚಿಸುತ್ತಿದ್ದರು. "ಈಗ ಯಾವ ಗೇರು ಹೇಳಲೇ ತಮ್ಮಾ." ಹೇಳಬೇಕು. "ಈಗ ಬದಲಾಯಿಸ್ಬೇಕಾ, ಬ್ಯಾಡಾ?" ಅದನ್ನೂ ಹೇಳಬೇಕು. ಎಂಜಿನ್ ನರಳುವ ಸದ್ದು ಯಾವುದು, ಆರಾಮಾಗಿ ಎಳೆಯುವ ಸದ್ದು ಯಾವುದು, ಅರಚುವ ಸದ್ದು ಯಾವುದು ಅಂತ ಹೀಗೇ ಮನಸ್ಸಿಗೆ ಇಳಿಯಿತು. ಮುಂದೆ ನನಗೆ ಸ್ಟೇರಿಂಗ್ ಕೊಟ್ಟಾಗ ಗೇರು ಹುಡುಕುವ ತೊಂದರೆಯೇ ಆಗಲಿಲ್ಲ. ಮೊದಲು ಕೊಟ್ಟಿದ್ದು ಖಾಲಿ ಗಾಡಿ, ಸಮತಟ್ಟು ರಸ್ತೆ, ಹಗಲು. ಆಮೇಲೆ ಲೋಡು. ಆಮೇಲೆ ರಾತ್ರಿ. ಎಲ್ಲಕ್ಕಿಂತ ಕೊನೆಗೆ ಘಾಟು, ಅದರಲ್ಲೂ ಹತ್ತುವುದು ಮೊದಲು, ಇಳಿಯುವುದು ಆಮೇಲೆ. ಯಾವ ಶಾಲೆಯ ಪಾಠವೂ ಇಷ್ಟು ನೀಟಾಗಿ ಕ್ರಮ ಹಿಡಿದಿದ್ದನ್ನು ನಾನು ಕಾಣೆ.

ಒಂದು ರಾತ್ರಿ ಬೋರ್ ಘಾಟ್ ಇಳಿಯುತ್ತಿದ್ದಾಗ ಪೆಡಲ್ ಮೆತ್ತಗಾಯಿತು. ಬ್ರೇಕ್ ಆಯಿಲ್ ಪೈಪು ಎಲ್ಲೋ ಬಾಯಿ ಬಿಟ್ಟಿತ್ತು. ಮಾಮಾ ಕಿರುಚಲಿಲ್ಲ. "ಬ್ರೇಕ್ ಇಲ್ಲ. ದಿಮ್ಮಿ ತಗೊಂಡು ಇಳಿ," ಅಂದರು ಅಷ್ಟೇ. ಗಾಡಿ ಆಗಲೇ ಸೆಕೆಂಡ್ ಗೇರಿನಲ್ಲಿತ್ತು. ಅವರು ಡಬಲ್ ಕ್ಲಚ್ ಕೊಟ್ಟು ಫಸ್ಟಿಗೆ ತಂದರು. ಎಂಜಿನ್ ಅರಚಿಕೊಂಡಿತು, ಗಾಡಿ ನಡಿಗೆಯ ವೇಗಕ್ಕೆ ಬಂತು. ಹ್ಯಾಂಡ್ ಬ್ರೇಕ್ ಎಳೆಯುತ್ತಾ ಗುಡ್ಡದ ಬದಿಯ ಚರಂಡಿಗೆ ಚಕ್ರ ಉಜ್ಜಿದರು. ನಾನು ಪಕ್ಕದಲ್ಲಿ ಓಡುತ್ತಾ ಹಿಂಚಕ್ರದ ಮುಂದೆ ಮೊದಲು ಸಣ್ಣ ಕಲ್ಲು ಉರುಳಿಸಿದೆ, ಅದು ಪುಡಿಯಾಯಿತು. ಆಮೇಲೆ ಮರದ ದಿಮ್ಮಿ ಕೊಟ್ಟೆ. ಚಕ್ರ ಅದನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ನಿಂತಿತು. ದಿಮ್ಮಿಯನ್ನು ಕೈಯಿಂದ ಇಡಬಾರದು, ಅದಕ್ಕೆ ಉದ್ದ ಹಗ್ಗ ಕಟ್ಟಿ ದೂರದಿಂದ ಎಸೆಯಬೇಕು. ಇದನ್ನೂ ಮಾಮಾ ನನಗೆ ನಿಂತ ಗಾಡಿಯ ಮುಂದೆ ಎಷ್ಟೋ ಸಲ ಮಾಡಿಸಿದ್ದರು. ಕಾದ ಡ್ರಮ್ಮಿಗೆ ನೀರು ಹಾಕಲು ಬಿಡಲಿಲ್ಲ, ಬಿರುಕು ಬಿಡುತ್ತದೆ ಅಂತ. ಬೆಳಗಾಗುವವರೆಗೆ ಅಲ್ಲೇ ಕೂತು, ಪೈಪು ಬದಲಾಯಿಸಿ ಇಳಿದೆವು.

ಅದೇ ಹಳೇ ರಸ್ತೆಯಲ್ಲಿ ಶಿಂಗ್ರೋಬಾ ಗುಡಿಯಿದೆ. ಬ್ರಿಟಿಷರಿಗೆ ಘಾಟಿನ ದಾರಿ ತೋರಿಸಿಕೊಟ್ಟ ಕುರುಬ ಅವನು ಅಂತ ಕಥೆ. ಲಾರಿಯವರು ಅಲ್ಲಿ ಕಾಸು ಹಾಕದೆ ಮುಂದೆ ಹೋಗುತ್ತಿರಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ನನಗೆ ಆ ಗುಡಿ ಮೇಲೆ ಈಗಲೂ ಬೇರೆಯೇ ಪ್ರೀತಿ.

ಮಳೆಗಾಲದಲ್ಲಿ ಈ ಘಾಟು ಇನ್ನೂ ಕಷ್ಟ. ವೈಪರ್ ಇದ್ದರೂ ನಡುವೆ ನಿಂತುಹೋಗುತ್ತಿತ್ತು. ನಿಪ್ಪಾಣಿ ತಂಬಾಕಿನ ಸೀಮೆ ತಾನೇ. ಅಲ್ಲಿ ಕೊಂಡ ತಂಬಾಕನ್ನು ಒದ್ದೆ ಮಾಡಿ ಗಾಜಿನ ಹೊರಗಡೆ ತಿಕ್ಕುತ್ತಿದ್ದೆವು. ಆಗ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಇಳಿಯುತ್ತದೆ, ರಸ್ತೆ ಕಾಣುತ್ತದೆ.

ರಾತ್ರಿ 2ರಿಂದ 4ರ ನಡುವೆ ಕ್ಲೀನರ್ ಕಣ್ಣು ಮುಚ್ಚುವಂತಿರಲಿಲ್ಲ. ಡ್ರೈವರ್ ಜೊತೆ ಮಾತಾಡುತ್ತಲೇ ಇರಬೇಕು. ಏನಾದರೂ ಆಗಲಿ, ಊರಿನ ಜಾತ್ರೆ, ಮಳೆ, ಬೆಳೆ. ಮಾತು ಮುಖ್ಯವಲ್ಲ, ಅವರು "ಹೂಂ" ಅನ್ನುವುದು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದನ್ನು ನೋಡಬೇಕು. ಹೂಂ ತಡವಾಗತೊಡಗಿದರೆ ಗಾಡಿ ನಿಲ್ಲಿಸಿ ಅನ್ನಬೇಕು. ಉಸ್ತಾದ್ ಬೈದರೂ ಅನ್ನಬೇಕು. ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ 1961ರಲ್ಲೇ ಬಂದಿತ್ತು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ ಅಂತ ಅದರಲ್ಲಿತ್ತು. ನಮ್ಮ ಲೈನಿನಲ್ಲಿ ಅದನ್ನು ಪಾಲಿಸಿದವರನ್ನು ನಾನು ಕಾಣಲಿಲ್ಲ. ನಮಗಿದ್ದ ಕಾವಲು ಆ ಹೂಂ ಒಂದೇ.

ಮುಂಬಯಿ ಬಂದರೆ ಮೊದಲು ಜಕಾತಿ ನಾಕಾ, ಊರೊಳಗೆ ಬರುವ ಮಾಲಿಗೆ ತೆರಿಗೆ ಕಟ್ಟುವ ಜಾಗ. ಬಿಲ್ಟಿ (ಮಾಲಿನ ರಸೀತಿ) ತೋರಿಸಿ, ಕಟ್ಟಿಸಿ, ಸಾಲಿನಲ್ಲಿ ನಿಂತು ಒಳಗೆ ಹೋಗಬೇಕು. ಈ ಜಕಾತಿ 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಇತ್ತು. ಮಾಲು ಇಳಿಸಿದ ಮೇಲೆ ರಿಟರ್ನ್ ಲೋಡಿಗೆ ಕಾಯುವುದು. ಬಟ್ಟೆ, ಔಷಧ, ಮುಂಬಯಿಯ ದಾರುಖಾನಾ ಬಜಾರಿನ ಕಬ್ಬಿಣ, ಏನು ಸಿಕ್ಕರೆ ಅದು. ದಿನಗಟ್ಟಲೆ ಕ್ಯಾಬಿನ್ನಿನಲ್ಲೇ ಮಲಗುತ್ತಿದ್ದೆವು. ಮನೆಯ ಕಾಗದ ಟ್ರಾನ್ಸ್‌ಪೋರ್ಟ್ ಆಫೀಸಿನ ವಿಳಾಸಕ್ಕೆ ಬರುತ್ತಿತ್ತು. ಓದು ಬರದ ಡ್ರೈವರುಗಳಿಗೆ ನಾನು ಓದಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಬರೆಯುತ್ತಿದ್ದೆ. ಮಗು ಹುಟ್ಟಿದ ಸುದ್ದಿಯನ್ನೂ ತಾಯಿ ತೀರಿದ ಸುದ್ದಿಯನ್ನೂ ಎಷ್ಟೋ ಜನಕ್ಕೆ ನಾನೇ ಓದಿದ್ದೇನೆ. ಕೆಲವು ಕಾಗದ ಹದಿನೈದು ದಿನ ಹಳೆಯದಾಗಿರುತ್ತಿತ್ತು.

1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ಅದರ ಬಿಸಿ ನಮ್ಮ ಲೈನಿಗೂ ತಟ್ಟಿತು, ಹತ್ತಿ ಲೋಡು ಕಮ್ಮಿಯಾಯಿತು. ನಾವು ಬ್ಯಾಡಗಿ ಮೆಣಸಿನಕಾಯಿ, ಈರುಳ್ಳಿ ಕಡೆ ಹೊರಳಿದೆವು. ಆ ಹೊತ್ತಿಗೆ ಈರುಳ್ಳಿ ಮಾರುಕಟ್ಟೆ ವಾಶಿಗೆ ಬಂದಿತ್ತು. ನಮ್ಮ ತಂಗುವ ಜಾಗವೂ ನಿಧಾನವಾಗಿ ಕೊಲ್ಲಿಯ ಈಚೆಗೆ, ನವಿ ಮುಂಬಯಿಗೆ ಸರಿಯಿತು. ನಾನು ಕಳಂಬೋಲಿಯಲ್ಲಿ ನೆಲೆ ನಿಂತಿದ್ದು ಹೀಗೆ.

ಆ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಮೀಸೆ ಮೂಡದ ಹುಡುಗರನ್ನು ಬರೀ ಊಟ, ಚಿಲ್ಲರೆ ಕಾಸಿಗೆ ದುಡಿಸಿಕೊಂಡರು. ಕೆಲವು ಉಸ್ತಾದರು ನಟ್ಟು ತಿರುಗಿಸುವ ಪಾನಾದಲ್ಲೇ ಹೊಡೆಯುತ್ತಿದ್ದರು. 90ರ ದಶಕದಲ್ಲಿ ಎಚ್‌ಐವಿ ಬಂದಾಗ ನಮ್ಮ ಲೈನಿನ ಗೆಳೆಯರು ಹೋದರು, ಅವರ ಹೆಂಡತಿಯರಿಗೂ ಅದು ಅಂಟಿತು. ಇದನ್ನು ಮುಚ್ಚಿಟ್ಟು ಹಳೇ ದಿನಗಳನ್ನು ಹೊಗಳುವುದು ಸತ್ತವರಿಗೆ ಮಾಡುವ ಅನ್ಯಾಯ. ಹೊಡೆತ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆ ಎಡಗಡೆ ಸೀಟೂ ಹೋಯಿತಲ್ವಾ, ಅದು ನನಗೆ ನೋವು.

ಈಗ ಯಾರ್ಡಿಗೆ ಬರುವ ಎಷ್ಟೋ ಗಾಡಿಗಳಲ್ಲಿ ಒಬ್ಬನೇ ಇರುತ್ತಾನೆ. ರಾಷ್ಟ್ರೀಯ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಬೇಕು ಅನ್ನುವ ನಿಯಮವನ್ನು 2018ರಲ್ಲಿ ತೆಗೆದರು. ರಸ್ತೆ ಚೆನ್ನಾಗಿದೆ. 2002ರಲ್ಲಿ ಪೂರ್ತಿ ತೆರೆದ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ನಮ್ಮ ಕಳಂಬೋಲಿಯಿಂದಲೇ ಶುರುವಾಗುತ್ತದೆ, 94.5 ಕಿಲೋಮೀಟರು. ಗೇರು ಬೆಣ್ಣೆಯಂತೆ ಬೀಳುತ್ತದೆ. ಆದರೆ ಘಾಟಿನ ಎತ್ತರ ಕಮ್ಮಿಯಾಗಿಲ್ಲ. ಬ್ರೇಕ್ ಕಾದರೆ ಇವತ್ತಿನ ಗಾಡಿಯೂ ನಿಲ್ಲುವುದಿಲ್ಲ. ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿಯೂ ಹೋಗಿಲ್ಲ. ಮೈಲೇಜು ಇಷ್ಟೇ ಬರಬೇಕು ಅಂತ ಮಾಲೀಕರು ಹೇಳಿದಾಗ ಹುಡುಗರು ಇನ್ನೇನು ಮಾಡುತ್ತಾರೆ?

ನನ್ನ ಕೈಲಾಗಿದ್ದನ್ನು ನಾನು ಮಾಡುತ್ತಿದ್ದೇನೆ. ಹೊಸಬನಿಗೆ ಮೊದಲ ಕೆಲವು ಟ್ರಿಪ್ ಎಡಗಡೆ ಸೀಟು, ಬಲಗಡೆ ಘಾಟು ಗೊತ್ತಿರುವ ಡ್ರೈವರ್. ಆಮೇಲೆ ಅದಲುಬದಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾ ಕಡೆ ಹೋಗುವ ಗಾಡಿಗೂ ಇದೇ ಲೆಕ್ಕ, ಯಾಕಂದ್ರೆ ಕಶೇಡಿ, ಅನ್ಮೋಡ್ ಘಾಟುಗಳಲ್ಲಿ ಮಳೆ ಬಿಡುವುದಿಲ್ಲ. ಇಬ್ಬರಿಗೂ ಭತ್ತೆ ಕೊಡಬೇಕು ಅಂತ ಮಾಲೀಕರಿಗೆ ಮೊದಲೇ ಹೇಳುತ್ತೇನೆ. ಕೆಲವರು ಒಪ್ಪಿದ್ದಾರೆ. ಖರ್ಚು ಜಾಸ್ತಿ ಅನ್ನುವವರ ಗಾಡಿಗೆ ನಾನು ಹೊಸ ಹುಡುಗರನ್ನು ಹತ್ತಿಸುವುದಿಲ್ಲ. ಹಳಬ ಸಿಗುವವರೆಗೆ ಗಾಡಿ ಯಾರ್ಡಿನಲ್ಲೇ ನಿಲ್ಲಲಿ.